ಕೆನಾಲು, ಕಾನ್ಫಿಗ್ ಮತ್ತು ನಮ್ಮ ಮಾಮಾ

ಬ್ಲಾಗಿನ ಕಡೆ ತಲೆ ಹಾಕಿ ಎಂಟು ತಿಂಗಳಾಯ್ತು. "ಬದುಕಿದ್ದೀಯಾ?" ಅಂತ ಮೇಲ್ ಹಾಕಿ ಕೇಳಿದ ಇಬ್ಬರಿಗೂ (ಹೌದು, ಇಬ್ಬರೇ) ಥ್ಯಾಂಕ್ಸ್ :-) ಬದುಕಿದ್ದೀನಿ. ಆಫೀಸು, ಊರು, ಮತ್ತೆ ಆಫೀಸು ಅಂತ ಓಡಾಡೋದರಲ್ಲಿ ಬರೆಯೋಕೆ ಆಗಿರಲಿಲ್ಲ. ಈಗಲೂ ಸಿನಿಮಾ ವಿಮರ್ಶೆ, ಹನಿಗವನ ಏನಾದ್ರೂ ಇರುತ್ತೆ ಅಂದುಕೊಂಡು ಬಂದವರಿಗೆ ನಿರಾಸೆ ಕಾದಿದೆ. ಇವತ್ತಿನ ವಿಷಯ ಸಾಫ್ಟ್‌ವೇರ್ ಸೆಟ್ಟಿಂಗುಗಳು. ತಕ್ಷಣ ಎದ್ದು ಹೋಗಬೇಡಿ. ನಡುವೆ ನಮ್ಮೂರ ಕೆನಾಲು ಬರುತ್ತೆ, ಒಂದು ಮೆಡಿಕಲ್ ಶಾಪು ಬರುತ್ತೆ, ನಮ್ಮ ಮಾಮಾನೂ ಬರ್ತಾನೆ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡ್ತೀನಿ. ಅಂಗಡಿಗಳಲ್ಲಿ ಬಿಲ್ಲು ಹಾಕೋ ಸಾಫ್ಟ್‌ವೇರ್ ಒಂದಿದೆ. ಅದು ರಾಜ್ಯದ ಸಾವಿರಾರು ಔಷಧಿ ಅಂಗಡಿಗಳ ಕಂಪ್ಯೂಟರಿನಲ್ಲಿ ಕೂತಿದೆ. ಪ್ರತಿ ಅಂಗಡಿಗೂ ಅದರದ್ದೇ ಆದ ಸೆಟ್ಟಿಂಗುಗಳಿರುತ್ತವೆ: ಪ್ರಿಂಟರ್ ಯಾವುದು, ಬಿಲ್ಲು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಎಷ್ಟು ಹೊತ್ತಿಗೊಮ್ಮೆ ಸ್ಟಾಕ್ ಲೆಕ್ಕ ಸರ್ವರಿಗೆ ಕಳಿಸಬೇಕು, ತೆರಿಗೆ ದರ ಎಷ್ಟು ಹೀಗೆ. ಇದನ್ನೇ ನಾವು ಕಾನ್ಫಿಗರೇಷನ್, ಪ್ರೀತಿಯಿಂದ ಕಾನ್ಫಿಗ್ ಅಂತೀವಿ. ಅಂಗಡಿಯವರು ಹಾಕಿಕೊಂಡ ಸೆಟ್ಟಿಂಗಿನ ಮೇಲೆ ಬೆಂಗಳೂರಿನಿಂದ ನಾವು ಒಂದು ನಿಯಮ ಹಾಕಬಹುದು. "ಕರ್ನಾಟಕದ ಎಲ್ಲ ಅಂಗಡಿಗಳಿಗೂ ಈ ಬೆಲೆ" ಅಂತ ಒಂದು ಸಾಲು ಬರೆದರೆ ಸಾಕು, ಹದಿನೈದು ನಿಮಿಷದಲ್ಲಿ ಎಲ್ಲ ಕಡೆ ಅದೇ ನಡೆಯುತ್ತೆ, ಅಂಗಡಿಯವರು ಏನೇ ಹಾಕಿಕೊಂಡಿರಲಿ. ಇದಕ್ಕೆ ಓವರ್‌ರೈಡ್ ಅಂತ ಹೆಸರು. ಆ ಒಂದು ಸಾಲು ಬರೆಯೋ ನಾಲ್ಕು ಜನರಲ್ಲಿ ನಾನೂ ಒಬ್ಬ.

ನಮ್ಮ ಟೀಮಿನಲ್ಲಿ ವರ್ಷಗಳಿಂದ ಎರಡು ಪಕ್ಷ. ಒಂದು ಪಕ್ಷದ ಪ್ರಕಾರ ಎಲ್ಲ ಬೀಗದ ಕೈಗಳೂ ಸೆಂಟರಿನಲ್ಲೇ ಇರಬೇಕು, ಅಂಗಡಿಯವರ ಕೈಗೆ ಸೆಟ್ಟಿಂಗ್ ಕೊಟ್ಟರೆ ಕೆಡಿಸಿಕೊಂಡು ಆಮೇಲೆ ನಮಗೇ ಫೋನ್ ಮಾಡ್ತಾರೆ. ಇನ್ನೊಂದು ಪಕ್ಷದ್ದು ಅಂಗಡಿ ಅವರದ್ದು, ಕಂಪ್ಯೂಟರ್ ಅವರದ್ದು, ನಮಗ್ಯಾಕೆ ಉಸಾಬರಿ ಅಂತ. ನಾನು ಮೊದಲು ಗಟ್ಟಿಯಾಗಿ ಒಂದನೇ ಪಕ್ಷದಲ್ಲಿದ್ದೆ. ಈಗ ಎರಡನೇದಕ್ಕೆ ಪಕ್ಷಾಂತರ ಮಾಡಿದ್ದೀನಿ ಅಂತಲ್ಲ. ಈ ಜಗಳಾನೇ ತಪ್ಪು ಅನಿಸ್ತಾ ಇದೆ. ಯಾಕೆ ಅಂತ ಹೇಳೋಕೇ ಈ ಪೋಸ್ಟು.

೨೦೨೫ರ ದಸರೆಗೆ ಊರಿಗೆ ಹೋಗಿದ್ದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಯಾದಗಿರಿಗೆ ಇಳಿದು, ಶಹಾಪುರ ದಾಟಿ, ಸುರಪುರದ ಹತ್ತಿರದ ನಮ್ಮ ಹಳ್ಳಿಗೆ. ಬನ್ನಿ ಹಬ್ಬದ ಹಿಂದಿನ ದಿನ, ಅಂದ್ರೆ ಅಕ್ಟೋಬರ್ ೧ಕ್ಕೆ, ಅಪ್ಪನ ಬಿಪಿ ಮಾತ್ರೆ ತರೋಕೆ ಸುರಪುರಕ್ಕೆ ಹೋದೆ. ಬಿಲ್ಲು ಕೈಗೆ ಬಂತು. ನಮ್ಮದೇ ಸಾಫ್ಟ್‌ವೇರು, ನಮ್ಮದೇ ಬಿಲ್ಲು. ಕೆಟ್ಟ ಚಟ, ಬಿಲ್ಲನ್ನು ಪೂರ್ತಿ ಓದಿದೆ. ಜಿಎಸ್‌ಟಿ ೧೨ ಪರ್ಸೆಂಟ್ ಅಂತಿತ್ತು.

ಬಹುತೇಕ ಔಷಧಿಗಳ ಜಿಎಸ್‌ಟಿ ೧೨ರಿಂದ ೫ಕ್ಕೆ ಇಳಿದದ್ದು ೨೦೨೫ರ ಸೆಪ್ಟೆಂಬರ್ ೨೨ಕ್ಕೆ. ಆ ರಾತ್ರಿ ನಾವು ನಾಲ್ಕೂ ಜನ ಆಫೀಸಿನಲ್ಲೇ ಕೂತು, ಪಿಜ್ಜಾ ತರಿಸಿಕೊಂಡು, ಎಲ್ಲ ಅಂಗಡಿಗಳಿಗೂ ಹೊಸ ದರ ಕಳಿಸಿದ್ದೆವು. ಎಲ್ಲ ಹಸಿರು ಟಿಕ್ಕು ಬಂದವು ಅಂತ ಚಪ್ಪಾಳೆ ಹೊಡೆದು ಮನೆಗೆ ಹೋಗಿದ್ದೆವು. ಇಲ್ಲಿ ನೋಡಿದರೆ ಹತ್ತನೇ ದಿನವೂ ಹಳೇ ದರ!

ಅಂಗಡಿಯವರಿಗೆ ನಾನು ಯಾರು ಅಂತ ಹೇಳಿ ಕಂಪ್ಯೂಟರ್ ನೋಡಬಹುದಾ ಅಂತ ಕೇಳಿದೆ. ಅವರಿಗೆ ಒಂದು ಥರ ಮುಜುಗರ. "ಏನಿಲ್ರೀ ಸರ, ನಮ್ಮ ರಿಪೇರಿ ಹುಡುಗ ಏನೋ ಮಾಡ್ಯಾನ್ರೀ" ಅಂದರು. ಆ ಹುಡುಗ ಮಾಡಿದ್ದು ಜಾಣ ಕೆಲಸ. ಹೋಸ್ಟ್ಸ್ ಫೈಲಿನಲ್ಲಿ ನಮ್ಮ ಕಾನ್ಫಿಗ್ ಸರ್ವರಿನ ವಿಳಾಸವನ್ನು ಅದೇ ಕಂಪ್ಯೂಟರಿನ ಕಡೆಗೆ ತಿರುಗಿಸಿಟ್ಟಿದ್ದ. ಬೆಂಗಳೂರಿನಿಂದ ನಾವು ಏನೇ ಕೂಗಿದರೂ ಆ ಕಂಪ್ಯೂಟರಿಗೆ ಕೇಳಿಸೋ ಹಾಗಿರಲಿಲ್ಲ. ನಮ್ಮ ಹಸಿರು ಟಿಕ್ಕಿನ ಲೆಕ್ಕದಲ್ಲಿ ಆ ಅಂಗಡಿ ಇರಲೇ ಇಲ್ಲ, ಯಾಕಂದ್ರೆ ಮಾತಾಡದ ಅಂಗಡಿಗಳನ್ನು "ಬಂದ್ ಆಗಿರಬಹುದು" ಅಂತ ನಮ್ಮ ಡ್ಯಾಶ್‌ಬೋರ್ಡು ಬಿಟ್ಟುಬಿಡುತ್ತೆ.

ಯಾಕೆ ಹೀಗೆ ಮಾಡಿಸಿದ್ರಿ ಅಂತ ಕೇಳಿದೆ. ಆಗ ಅವರು ಹೇಳಿದ ಕಥೆ ಕೇಳಿ.

ಅವರಿಗೆ ಎರಡು ಅಂಗಡಿ, ಒಂದು ಸುರಪುರದಲ್ಲಿ, ಇನ್ನೊಂದು ಶಹಾಪುರದಲ್ಲಿ. ಇಲ್ಲಿ ಇಲ್ಲದ ಔಷಧಿ ಅಲ್ಲಿದೆಯಾ ಅಂತ ಪರದೆಯ ಮೇಲೇ ನೋಡಿ ಹೇಳ್ತಿದ್ದರು. ಅದಕ್ಕೇ ಸ್ಟಾಕ್ ಲೆಕ್ಕ ಐದು ನಿಮಿಷಕ್ಕೊಮ್ಮೆ ಸಿಂಕ್ ಆಗೋ ಹಾಗೆ ಇಟ್ಟುಕೊಂಡಿದ್ದರು. ೨೦೨೪ರ ಕೊನೆಗೆ ಲೆಕ್ಕ ತಪ್ಪೋಕೆ ಶುರುವಾಯ್ತು. ಇನ್ಸುಲಿನ್ ಶಹಾಪುರದಲ್ಲಿ ಮೂರು ಇದಾವೆ ಅಂತ ಪರದೆ ತೋರಿಸಿತು. ಒಬ್ಬ ಹೆಣ್ಣುಮಗಳನ್ನು, ವಯಸ್ಸಾದವರು, ಬಸ್ಸಿಗೆ ಹತ್ತಿಸಿ ಅಲ್ಲಿಗೆ ಕಳಿಸಿದರು. ಅಲ್ಲಿ ಬೆಳಿಗ್ಗೆಯೇ ಮೂರೂ ಮಾರಿಹೋಗಿದ್ದವು. ಆಯಮ್ಮ ಮತ್ತೆ ಬಸ್ಸು ಹಿಡಿದು ವಾಪಸ್ಸು ಬಂದು, ಏನೂ ಬಯ್ಯದೆ, ಅಂಗಡಿ ಮುಂದಿನ ಕಟ್ಟೆ ಮೇಲೆ ಸುಮ್ಮನೆ ಕೂತುಬಿಟ್ಟರಂತೆ. "ಬೈದಿದ್ರ ಛಲೋ ಇತ್ರೀ" ಅಂದರು ಅಂಗಡಿಯವರು.

ಇವರು ನಮ್ಮ ಸಪೋರ್ಟಿಗೆ ಫೋನ್ ಮಾಡಿದ್ದಾರೆ, ಒಂದಲ್ಲ ಹತ್ತು ಸಲ. ನಮ್ಮವರು "ಸೆಟ್ಟಿಂಗ್ ಪೇಜಿನಲ್ಲಿ ಎಷ್ಟಿದೆ ಸಾರ್?" ಅಂತ ಕೇಳಿದ್ದಾರೆ. "ಐದು ನಿಮಿಷ." "ಹಾಗಿದ್ರೆ ಸರಿ ಇದೆ ಸಾರ್, ನಿಮ್ಮ ನೆಟ್‌ವರ್ಕ್ ಪ್ರಾಬ್ಲಂ." ಯಾದಗಿರಿ ಜಿಲ್ಲೆ ಅಂದ ಕೂಡಲೇ ನೆಟ್‌ವರ್ಕ್ ಪ್ರಾಬ್ಲಂ ಅಂತ ಬೆಂಗಳೂರಿನವರು ನಂಬಿಬಿಡ್ತಾರೆ, ಅದು ಬೇರೆ ಸಂಕಟ. ಆರು ತಿಂಗಳು ಕಾದು, ಕೊನೆಗೆ ೨೦೨೫ರ ಮೇ ತಿಂಗಳಲ್ಲಿ ರಿಪೇರಿ ಹುಡುಗ ಪತ್ತೆ ಹಚ್ಚಿದ. ಬೆಂಗಳೂರಿನ ಒಂದು ವಿಳಾಸಕ್ಕೆ ದಾರಿ ಬಂದ್ ಮಾಡಿದರೆ ಐದು ನಿಮಿಷ ನಿಜವಾಗ್ಲೂ ಐದು ನಿಮಿಷ ಆಗುತ್ತೆ!

ರಜೆ ಮುಗಿಸಿ ಬೆಂಗಳೂರಿಗೆ ಬಂದು ನಿಯಮಗಳ ಪಟ್ಟಿ ತೆಗೆದು ಹುಡುಕಿದೆ. ಸಿಕ್ಕಿತು. "ಕರ್ನಾಟಕ, ಎಲ್ಲ ಅಂಗಡಿ, ಸ್ಟಾಕ್ ಸಿಂಕ್ ಅವಧಿ: ೬ ಗಂಟೆ." ಹಾಕಿದ ತಿಂಗಳು ೨೦೨೪ರ ನವೆಂಬರ್, ಸರ್ವರ್ ಬದಲಾಯಿಸೋ ವಾರ. ಆ ಒಂದು ವಾರ ಸರ್ವರಿನ ಮೇಲೆ ಭಾರ ಕಮ್ಮಿ ಆಗಲಿ ಅಂತ ಹಾಕಿದ್ದು. ತೆಗೆಯೋದು ಮರೆತಿದ್ದು. ಹಾಕಿದವರು ಯಾರು ಅನ್ನೋ ಕಾಲಂನಲ್ಲಿ ನನ್ನ ಹೆಸರು.

ಒಂದೇ ಅಂಗಡಿ ಇರೋರಿಗೆ ಆರು ಗಂಟೆಯಾದರೇನು, ಐದು ನಿಮಿಷವಾದರೇನು, ವ್ಯತ್ಯಾಸ ಗೊತ್ತಾಗಲ್ಲ. ಹಾಗಾಗಿ ಹನ್ನೊಂದು ತಿಂಗಳು ಯಾರೂ ದೊಡ್ಡದಾಗಿ ಕೂಗಲಿಲ್ಲ. ಕೂಗಿದ ಒಬ್ಬರಿಗೆ ನಾವು ನೆಟ್‌ವರ್ಕ್ ಸರಿ ಮಾಡಿಸಿಕೊಳ್ಳಿ ಅಂದೆವು. ಅವರು ತಮ್ಮ ಕಷ್ಟಕ್ಕೆ ತಾವೇ ಒಂದು ಗುಟ್ಟಿನ ಓವರ್‌ರೈಡ್ ಮಾಡಿಕೊಂಡರು. ಅದರಿಂದ, ನಿಜಕ್ಕೂ ಬೇಕಾಗಿದ್ದ ತೆರಿಗೆಯ ನಿಯಮವೂ ಅವರಿಗೆ ಮುಟ್ಟಲಿಲ್ಲ. ಹತ್ತು ದಿನ ಸುರಪುರದ ಜನ ಔಷಧಿಗೆ ಹೆಚ್ಚಿಗೆ ದುಡ್ಡು ಕೊಟ್ಟರು. ಗುರುತಿನವರಿಗೆಲ್ಲ ವಾಪಸ್ ಕೊಟ್ಟೆ ಅಂತ ಆಮೇಲೆ ಫೋನಿನಲ್ಲಿ ಹೇಳಿದರು. ಗುರುತಿಲ್ಲದವರದ್ದು?

ಈಗ ಕೆನಾಲಿಗೆ ಬರ್ತೀನಿ. ಈ ಕಥೆ ಕೇಳ್ತಾ ಕೇಳ್ತಾ, ಅಂಗಡಿ ಕೌಂಟರಿನ ಹಿಂದೆ ನಿಂತೇ, ನನಗೆ ಇದನ್ನು ಎಲ್ಲೋ ನೋಡಿದ್ದೀನಲ್ಲ ಅನಿಸ್ತು. ನೋಡಿದ್ದು ನಮ್ಮ ಮನೆಯಲ್ಲೇ.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಒಂದಿಷ್ಟು ಹಿನ್ನೆಲೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು ೧೯೬೪ರ ಮೇ ೨೨ಕ್ಕೆ. ಆಲಮಟ್ಟಿಯ ಕೆಳಗಿರೋ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದಿದ್ದು ೧೯೮೨ರಲ್ಲಿ. ಅಲ್ಲಿಂದ ಹೊರಡೋ ಎಡದಂಡೆ ಕಾಲುವೆ, ಅದರ ಹುಣಸಗಿ, ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳು ಸೇರಿ ಸುರಪುರ, ಶಹಾಪುರದ ಬದುಕನ್ನೇ ಬದಲಾಯಿಸಿದವು. ನಮ್ಮಜ್ಜ ಮಳೆ ನೋಡಿಕೊಂಡು ಜೋಳ, ತೊಗರಿ ಬಿತ್ತುತ್ತಿದ್ದ. ಅಪ್ಪ ಕೆನಾಲು ನೋಡಿಕೊಂಡು ಭತ್ತ ನಾಟಿ ಮಾಡ್ತಾನೆ.

ಭತ್ತ! ಇಲ್ಲೇ ಇರೋದು ವಿಷಯ. ಈ ಯೋಜನೆಯನ್ನು ಹಾಕಿದ್ದು ಕಮ್ಮಿ ನೀರಿನ ಬೆಳೆಗಳಿಗೆ. ಜೋಳ, ಶೇಂಗಾ, ಹತ್ತಿ ಇಂಥವಕ್ಕೆ, ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಅನ್ನೋ ಲೆಕ್ಕದಲ್ಲಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದು ಡಿಫಾಲ್ಟ್ ಸೆಟ್ಟಿಂಗು. ಕಾಲುವೆ ಮೇಲ್ಭಾಗದಲ್ಲಿರೋರು ಅದನ್ನು ಯಾವತ್ತೋ ಓವರ್‌ರೈಡ್ ಮಾಡಿ ಭತ್ತ ಹಾಕಿದರು. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಬೆಳೆ ಉಲ್ಲಂಘನೆ ಅಂತಾರೆ. ಊರಿನಲ್ಲಿ ಅದಕ್ಕೆ ಹೆಸರೇ ಇಲ್ಲ, ಯಾಕಂದ್ರೆ ಎಲ್ಲರೂ ಅದನ್ನೇ ಮಾಡೋದು.

ಇದನ್ನು ಸರಿದೂಗಿಸೋಕೆ ಇರೋದೇ ವಾರಾಬಂದಿ. ಹಂಗಾಮಿಗೆ ಮುಂಚೆ ನೀರಾವರಿ ಸಲಹಾ ಸಮಿತಿ ಸೇರಿ, ಜಲಾಶಯದಲ್ಲಿ ಎಷ್ಟಿದೆ ಅಂತ ನೋಡಿ, ಕಾಲುವೆ ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಅಂತ ತೀರ್ಮಾನ ಮಾಡುತ್ತೆ. ೧೪ ದಿನ ಚಾಲೂ, ೧೦ ದಿನ ಬಂದ್, ಇಂಥ ಲೆಕ್ಕ. ಯಾರ ಹೊಲಕ್ಕೆ ಯಾವಾಗ ಬೇಕು ಅನ್ನೋದನ್ನೆಲ್ಲ ಪಕ್ಕಕ್ಕಿಟ್ಟು ಮೇಲಿನಿಂದ ಬರೋ ನಿಯಮ ಅದು. ಪಕ್ಕಾ ಸೆಂಟ್ರಲ್ ಓವರ್‌ರೈಡು. ಮತ್ತೆ ಬೇಕಾದದ್ದು ಕೂಡ. ಅದೂ ಇಲ್ಲದಿದ್ದರೆ ಕೊನೆಯ ಊರುಗಳಿಗೆ ಹನಿ ನೀರೂ ಹೋಗಲ್ಲ.

ಕೊನೆಯ ಊರು ಅಂದ್ರೆ ನಮ್ಮ ಮಾಮಾನ ಊರು. ಅವ್ವನ ತವರುಮನೆ. ಶಹಾಪುರ ತಾಲೂಕು, ಭೀಮರಾಯನಗುಡಿ ದಾಟಿ ಇನ್ನೂ ಒಳಗೆ, ವಿತರಣಾ ಕಾಲುವೆಯ ತುತ್ತತುದಿ. ಟೇಲ್ ಎಂಡ್ ಅನ್ನೋ ಇಂಗ್ಲಿಷ್ ಪದ ನಮ್ಮಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು. ಅವ್ವ ಮದುವೆಯಾಗಿ ಬಂದಿದ್ದು ಮೇಲ್ಭಾಗದ ಊರಿಗೆ. ಹೀಗಾಗಿ ನನ್ನ ಊಟದ ತಟ್ಟೆಯಲ್ಲಿ ಎರಡೂ ಕಡೆಯ ಜಗಳ ಇರುತ್ತೆ.

೨೦೨೩ ಬರದ ವರ್ಷ. ಮಾಮಾ ಎರಡು ಎಕರೆ ಮೆಣಸಿನಕಾಯಿ ಹಚ್ಚಿದ್ದ. ಹೂವಿಗೆ ಬಂದಿತ್ತು. ನಾನು ಊರಲ್ಲಿದ್ದಾಗಲೇ ಫೋನು ಬಂತು.

"ಏನ್ ಅಳಿಯಾ, ನಿಮ್ಮ ಊರಾಗ ನೀರ್ ಬಂದಾವೇನು?"

"ಬಂದಾವ ಮಾಮಾ, ನಾಕ್ ದಿನ ಆತು."

"ನಮಗಿನ್ನಾ ಬಂದಿಲ್ಲ. ನಿಮ್ಮಪ್ಪಗ ಹೇಳು, ಮೋಟರ್ ಒಂದ್ ಎರಡು ದಿನ ಬಂದ್ ಮಾಡು ಅಂತ. ನಾ ಹೇಳಿದ್ರ ಸಿಟ್ಟಿಗೇಳ್ತಾನ."

ಹೌದು, ಅಪ್ಪ ಕೆನಾಲಿಗೇ ಮೋಟರ್ ಇಟ್ಟಿದ್ದಾನೆ. ಮುಚ್ಚಿಡೋದೇನಿದೆ. ಮಾಮಾ ಹೇಳಿದ್ದನ್ನು ಅಪ್ಪನ ಮುಂದೆ ಹೇಳಿದೆ. ಅಪ್ಪ ಸಿಟ್ಟಿಗೇಳಲಿಲ್ಲ. ಎಲೆ ಅಡಿಕೆ ಹಾಕ್ಕೊಂಡು ಸಮಾಧಾನವಾಗಿ ಹೇಳಿದ:

"ನಾ ಒಬ್ಬಾವ ಬಂದ್ ಮಾಡಿದ್ರ ನಿಮ್ಮ ಮಾಮಾಗ ನೀರ್ ಹೋಗ್ತಾವಂತ ತಿಳಿದೀಯೇನು? ನಡುವ ನಲವತ್ತು ಮೋಟರ್ ಅದಾವ. ಮ್ಯಾಲಿಂದ ಎಷ್ಟ್ ಬಿಟ್ಟಾರ, ಯಾವಾಗ ಬಂದ್ ಮಾಡ್ತಾರ, ಯಾರಿಗ್ಗೊತ್ತು? ಬಂದಾಗ ಹಿಡ್ಕೋಬೇಕು."

ಯಾವಾಗ ಬಂದ್ ಮಾಡ್ತಾರೋ ಯಾರಿಗ್ಗೊತ್ತು, ಬಂದಾಗ ಹಿಡ್ಕೋಬೇಕು. ಅವತ್ತು ನನಗೆ ಇದು ಬರೀ ಸ್ವಾರ್ಥದ ಮಾತು ಅನಿಸಿತ್ತು. ಅಪ್ಪನ ಜೊತೆ ಜಗಳ ಆಡಿದೆ, ಊಟ ಬಿಟ್ಟೆ (ರಾತ್ರಿ ಹತ್ತಕ್ಕೆ ಅವ್ವ ಕದ್ದು ರೊಟ್ಟಿ ಕೊಟ್ಟಳು, ತಿಂದೆ). ಮೋಟರ್ ಮಾತ್ರ ಬಂದ್ ಆಗಲಿಲ್ಲ. ಮಾಮಾನ ಅರ್ಧ ಮೆಣಸಿನಕಾಯಿ ಒಣಗಿತು. ಆ ವರ್ಷ ಉಗಾದಿಗೆ ಅವ್ವ ತವರಿಗೆ ಹೋಗಲಿಲ್ಲ. ಕಾರಣ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೆಡಿಕಲ್ ಶಾಪಿನಲ್ಲಿ ನಿಂತಾಗ ಅಪ್ಪನ ಮಾತು ಬೇರೆ ಥರ ಕೇಳಿಸಿತು. ಸ್ವಾರ್ಥ ಇಲ್ಲ ಅಂತಲ್ಲ, ಇದ್ದೇ ಇದೆ. ಆದರೆ ಅದರ ಜೊತೆ ಇನ್ನೊಂದು ಸಂಗತಿ ಇದೆ. ತನ್ನ ತೂಬಿನ ಮುಂದೆ ಈಗ ಹರಿಯೋ ನೀರು ಯಾವ ನಿಯಮದ ನೀರು, ಎಲ್ಲಿಯವರೆಗೆ ಇರುತ್ತೆ, ಮೇಲೆ ಏನು ನಡೀತಿದೆ ಅನ್ನೋದು ಅಪ್ಪನಿಗೆ ಕಾಣಲ್ಲ. ವಾರಾಬಂದಿ ಪೇಪರಿನಲ್ಲಿ ಬಂದಿರುತ್ತೆ, ನಿಜ. ಆದರೆ ಪೇಪರಿನಲ್ಲಿರೋ ದಿನಾಂಕಕ್ಕೂ ತನ್ನ ಹೊಲಗಾಲುವೆಯ ನೀರಿಗೂ ಸಂಬಂಧ ಏನು ಅನ್ನೋದನ್ನು ತೋರಿಸೋರು ಯಾರೂ ಇಲ್ಲ. ನಮ್ಮ ಅಂಗಡಿಯವರ ಸೆಟ್ಟಿಂಗ್ ಪೇಜು "ಐದು ನಿಮಿಷ" ಅಂತ ತೋರಿಸ್ತಿತ್ತಲ್ಲ, ಅದೇ ಥರ. ಕಾಣೋದು ಒಂದು, ನಡೆಯೋದು ಇನ್ನೊಂದು. ಆ ಸ್ಥಿತಿಯಲ್ಲಿ ಬುದ್ಧಿ ಇರೋ ಮನುಷ್ಯ ಏನು ಮಾಡ್ತಾನೆ? ಒಬ್ಬ ಮೋಟರ್ ಇಡ್ತಾನೆ, ಇನ್ನೊಬ್ಬ ಹೋಸ್ಟ್ಸ್ ಫೈಲ್ ತಿದ್ದಿಸ್ತಾನೆ. ನಷ್ಟ ಆಗೋದು ಮಾತ್ರ ಮೂರನೆಯವರಿಗೆ.

ನನ್ನ ವಾದ ಇಷ್ಟೇ. ಸೆಂಟರಿಗೆ ಓವರ್‌ರೈಡ್ ಮಾಡೋ ಅಧಿಕಾರ ಇರಲೇಬೇಕು. ವಾರಾಬಂದಿ ಬೇಡ, ಅವರವರ ತೂಬು ಅವರವರೇ ನೋಡಿಕೊಳ್ಳಲಿ ಅನ್ನೋ ವಾದವನ್ನು ಟೇಲ್ ಎಂಡಿನಲ್ಲಿ ನಿಂತು ಹೇಳಿ ನೋಡೋಣ. ಆದರೆ ಮೇಲಿನಿಂದ ಒಂದು ಬೆಲೆ ಬಂದು ಕೂತರೆ ಅದು ಕೆಳಗಿನವನ ಪರದೆಯಲ್ಲಿ ಕಾಣಬೇಕು: ಈಗ ನಡೀತಿರೋದು ಇಷ್ಟು, ನೀನು ಹಾಕಿದ್ದು ಇಷ್ಟು, ಬದಲಾಯಿಸಿದವರು ಇಂಥವರು, ಕಾರಣ ಇದು, ಇಂಥ ದಿನ ಮುಗಿಯುತ್ತೆ. ಇದಿಷ್ಟು ಕಾಣಿಸೋಕೆ ಆಗದಿದ್ದರೆ ಆ ಓವರ್‌ರೈಡ್ ಹಾಕೋ ಹಕ್ಕು ನಮಗಿಲ್ಲ.

ಇದೇನು ನಾನು ಕಂಡುಹಿಡಿದ ಹೊಸ ತತ್ವ ಅಲ್ಲ. ನೀವೆಲ್ಲ ಬಳಸೋ ಫೈರ್‌ಫಾಕ್ಸ್‌ನಲ್ಲಿ, ಆಫೀಸಿನ ಅಡ್ಮಿನ್‌ಗಳು ಸೆಂಟ್ರಲ್ ಆಗಿ ಸೆಟ್ಟಿಂಗ್ ಹಾಕೋಕೆ ಬೇರೆ ಬೇರೆ ಪದಗಳೇ ಇವೆ. ಡಿಫಾಲ್ಟ್‌ಪ್ರೆಫ್ ಅಂದ್ರೆ ಸಲಹೆ, ಬೇಕಿದ್ದರೆ ಬದಲಾಯಿಸಿಕೋ. ಲಾಕ್‌ಪ್ರೆಫ್ ಅಂದ್ರೆ ಬೀಗ, ಮುಟ್ಟೋ ಹಾಗಿಲ್ಲ. ಸಲಹೆಗೂ ಬೀಗಕ್ಕೂ ಬೇರೆ ಬೇರೆ ಹೆಸರು ಇದ್ದರೆ ಹಾಕೋ ಮನುಷ್ಯ ಒಂದು ಕ್ಷಣ ಯೋಚಿಸ್ತಾನೆ. ನಮ್ಮ ಸಿಸ್ಟಮ್ಮಿನಲ್ಲಿ ಇದ್ದದ್ದು ಬೀಗ ಒಂದೇ. ತೆರಿಗೆ ದರಕ್ಕೂ ಬೀಗ, ಸಿಂಕ್ ಅವಧಿಗೂ ಬೀಗ. ತೆರಿಗೆಯಲ್ಲಿ ಅಂಗಡಿಯವರ ಇಷ್ಟಾನಿಷ್ಟದ ಮಾತಿಲ್ಲ, ಅದಕ್ಕೆ ಬೀಗ ಸರಿ. ಸಿಂಕ್ ಅವಧಿಯಲ್ಲಿ ನಮಗೆ ಬೇಕಾಗಿದ್ದು ಒಂದು ವಾರದ ಸಹಕಾರ ಮಾತ್ರ.

ವಿಂಡೋಸ್‌ನ ಗ್ರೂಪ್ ಪಾಲಿಸಿ ಗೊತ್ತಲ್ಲ, ಆಫೀಸ್ ಕಂಪ್ಯೂಟರಿನಲ್ಲಿ ವಾಲ್‌ಪೇಪರ್ ಬದಲಾಯಿಸೋಕೆ ಬಿಡದೆ ಇರೋದು ಅದೇ ಪುಣ್ಯಾತ್ಮ! ಅಲ್ಲಿ ಮೊದಲು ಕಂಪ್ಯೂಟರಿನ ಸ್ವಂತ ಪಾಲಿಸಿ, ಆಮೇಲೆ ಸೈಟು, ಡೊಮೇನು, ಕೊನೆಗೆ ವಿಭಾಗ ಅಂತ ಪದರ ಪದರವಾಗಿ ನಿಯಮ ಬೀಳುತ್ತೆ. ಕೊನೆಗೆ ಬಿದ್ದದ್ದು ಗೆಲ್ಲುತ್ತೆ. ಮೇಲಿನವರು ಬೀಗ ಹಾಕಿದ್ದರೆ ಮಾತ್ರ ಮೇಲಿನದ್ದೇ ಗೆಲ್ಲುತ್ತೆ. ಎಷ್ಟು ಬಯ್ದರೂ ಒಂದು ವಿಷಯಕ್ಕೆ ನಾನು ಅದನ್ನು ಮೆಚ್ಚುತ್ತೀನಿ. ಜಿಪಿರಿಸಲ್ಟ್ ಅನ್ನೋ ಕಮಾಂಡ್ ಕೊಟ್ಟರೆ ಈ ಕಂಪ್ಯೂಟರಿನ ಮೇಲೆ ಯಾವ ಯಾವ ಪಾಲಿಸಿ ಕೂತಿದೆ ಅಂತ ಕೆಳಗಿನವನೂ ನೋಡಬಹುದು. ಗಿಟ್ ಬಳಸೋರಿಗೆ ೨೦೧೬ರಲ್ಲಿ ಬಂದ ಷೋ-ಒರಿಜಿನ್ ಗೊತ್ತಿರುತ್ತೆ, ಪ್ರತಿ ಸೆಟ್ಟಿಂಗಿನ ಪಕ್ಕ ಅದು ಯಾವ ಫೈಲಿನಿಂದ ಬಂತು ಅಂತ ತೋರಿಸುತ್ತೆ. ಇಷ್ಟು ಚಿಕ್ಕ ಸೌಲಭ್ಯ ಎಷ್ಟು ರಾತ್ರಿಗಳ ನಿದ್ದೆ ಉಳಿಸಿದೆಯೋ.

ಇನ್ನು ಇದನ್ನು ಮರೆತ ದೊಡ್ಡವರ ಕಥೆ. ೨೦೨೪ರ ಜುಲೈ ೧೯ ನೆನಪಿದೆಯಾ? ಪ್ರಪಂಚದಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಸತ್ತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಕಾನ್ಫಿಗರೇಷನ್ ಫೈಲು ಕಾರಣ. ೭೮ ನಿಮಿಷದಲ್ಲಿ ಅವರು ಅದನ್ನು ವಾಪಸ್ ತಗೊಂಡರು, ಅಷ್ಟರಲ್ಲಿ ಸುಮಾರು ೮೫ ಲಕ್ಷ ಯಂತ್ರಗಳು ಕೆಟ್ಟಿದ್ದವು. ನನ್ನ ಹೊಟ್ಟೆ ಉರಿಸಿದ ಸಂಗತಿ ಬೇರೆ. ಎಷ್ಟೋ ಗಿರಾಕಿಗಳು ಮುಂಜಾಗ್ರತೆಯಿಂದ "ಹೊಸ ಆವೃತ್ತಿ ಬಂದ ಕೂಡಲೇ ನಮಗೆ ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ" ಅಂತ ಸೆಟ್ಟಿಂಗ್ ಇಟ್ಟುಕೊಂಡಿದ್ದರು. ಆ ಸೆಟ್ಟಿಂಗು ಸಾಫ್ಟ್‌ವೇರ್ ಆವೃತ್ತಿಗೆ ಮಾತ್ರ ಅನ್ವಯ ಆಗ್ತಿತ್ತು, ಈ ಥರದ ಫೈಲಿಗೆ ಅಲ್ಲ. ಹಿಂದೆ ಇರೋಣ ಅಂದುಕೊಂಡವರೂ ಮುಂದಿನವರ ಜೊತೆಗೇ ಬಿದ್ದರು. ಅದಾದ ಮೇಲೆ ಕಂಪನಿ ಈ ಫೈಲುಗಳ ಮೇಲೂ ಗಿರಾಕಿಗಳಿಗೆ ಹಿಡಿತ ಕೊಟ್ಟಿತು.

೨೦೨೫ರ ಜೂನ್ ೧೨ಕ್ಕೆ ಗೂಗಲ್ ಕ್ಲೌಡ್ ಬಿದ್ದದ್ದೂ ಇದೇ ಜಾತಿ. ಖಾಲಿ ಕಾಲಂಗಳಿದ್ದ ಒಂದು ಪಾಲಿಸಿ ಕೆಲವೇ ಸೆಕೆಂಡುಗಳಲ್ಲಿ ಪ್ರಪಂಚದ ಎಲ್ಲ ಕಡೆ ನಕಲಾಯ್ತು, ಅದನ್ನು ಓದಿದ ಕಡೆಯೆಲ್ಲ ಸರ್ವಿಸ್ ಕುಸಿಯಿತು. ಒಂದೇ ಗೇಟಿನಿಂದ ಎಲ್ಲ ಕಡೆಗೂ ಒಂದೇ ಸಲ ಬಿಡೋದು, ಎಲ್ಲಿ ಒಡೀತು ಅಂತ ಆಮೇಲೆ ನೋಡೋದು.

ಗೇಟು ಅಂದಾಗ ನೆನಪಾಯ್ತು. ನಮ್ಮ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣದ ಕೆಲಸ ಮುಗಿದು ೨೦೨೩ರ ಜನವರಿ ೧೯ಕ್ಕೆ ಕೊಡೇಕಲ್‌ನಲ್ಲಿ ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ೧೦,೦೦೦ ಕ್ಯೂಸೆಕ್ ಸಾಮರ್ಥ್ಯ, ೪.೫ ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಒಟ್ಟು ವೆಚ್ಚ ಸುಮಾರು ೪,೭೦೦ ಕೋಟಿ. ಗೇಟುಗಳಿಗೆ ಸ್ಕಾಡಾ ಬಂತು. ಅಂದ್ರೆ ದೂರದ ಕಂಟ್ರೋಲ್ ರೂಮಿನಲ್ಲಿ ಕೂತು ಯಾವ ಗೇಟು ಎಷ್ಟು ತೆರೆದಿದೆ ನೋಡಬಹುದು, ಅಲ್ಲಿಂದಲೇ ಏರಿಸಬಹುದು, ಇಳಿಸಬಹುದು. ಮೊದಲ ಸಲ ಆ ಗೇಟು ನೋಡಿದಾಗ ಇಂಜಿನಿಯರ್ ಮನಸ್ಸು ಕುಣಿದದ್ದು ನಿಜ. ಕರೆಕ್ಟ್, ಇದು ನಮ್ಮ ಕಾನ್ಫಿಗ್ ಸರ್ವರೇ, ಕಬ್ಬಿಣದಲ್ಲಿ ಮಾಡಿದ್ದು! ಕಾನೂನೂ ಗಟ್ಟಿಯಾಗಿದೆ. ೧೯೬೫ರ ಕರ್ನಾಟಕ ನೀರಾವರಿ ಕಾಯ್ದೆಗೆ ೨೦೨೪ರಲ್ಲಿ ತಿದ್ದುಪಡಿ ತಂದು ಕಾಲುವೆಯಿಂದ ಅಕ್ರಮವಾಗಿ ನೀರೆತ್ತೋರಿಗೆ ಶಿಕ್ಷೆ ಹೆಚ್ಚಿಸಿದರು. ಟೇಲ್ ಎಂಡಿನವರಿಗೆ ನೀರು ಮುಟ್ಟಲಿ ಅಂತಲೇ.

ಇದೆಲ್ಲ ಬೇಕು. ಅಪ್ಪನಿಗೆ ದಂಡ ಬಿದ್ದರೆ ನಾನೇ ಕಟ್ಟಬೇಕಾಗುತ್ತೆ, ಆದರೂ ಬೇಕು. ಆದರೆ ಕಂಟ್ರೋಲ್ ರೂಮಿಗೆ ಕಾಣೋ ಅಂಕಿ ಮಾಮಾನ ಮೊಬೈಲಿಗೂ ಕಾಣಬೇಕಲ್ಲ? ನಿಮ್ಮ ಗೇಟಿನಲ್ಲಿ ಈಗ ಇಷ್ಟು ಹರಿಯುತ್ತಿದೆ, ಇಂಥ ದಿನ ಬಂದ್, ಕಾರಣ ಇದು ಅಂತ ಕನ್ನಡದಲ್ಲಿ ಒಂದು ಸಾಲು. ಮೇಲಿನವರಿಗೆ ಎಷ್ಟು ಹೋಯ್ತು ಅಂತ ಇನ್ನೊಂದು ಸಾಲು. ಮೇಲಿನವರಿಗೂ ಕೆಳಗಿನವರಿಗೂ ಒಂದೇ ಅಂಕಿ ಕಂಡರೆ ಮೋಟರ್ ಎಲ್ಲ ನಿಂತು ಹೋಗುತ್ತೆ ಅಂತ ಹೇಳೋವಷ್ಟು ಮುಗ್ಧ ನಾನಲ್ಲ, ನಮ್ಮಪ್ಪನ್ನ ನೋಡಿ ಬೆಳೆದವನು. ಆದರೆ "ಯಾರಿಗ್ಗೊತ್ತು" ಅನ್ನೋ ಮಾತನ್ನು ಅವನು ಆಡೋಕೆ ಆಗಲ್ಲ. ಆಮೇಲೆ ಉಳಿಯೋದು ಸ್ವಾರ್ಥ ಮಾತ್ರ, ಅದರ ಜೊತೆ ಜಗಳ ಆಡೋದು ಸುಲಭ.

ಒಳ್ಳೆ ಓವರ್‌ರೈಡ್ ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಸಂವಿಧಾನದ ೩೭೧(ಜೆ) ಇದೆಯಲ್ಲ, ೯೮ನೇ ತಿದ್ದುಪಡಿಯಿಂದ ಬಂದದ್ದು, ಅದಕ್ಕಿಂತ ಉದಾಹರಣೆ ಬೇಕಾ? ಇಡೀ ರಾಜ್ಯಕ್ಕೆ ಒಂದು ನಿಯಮ, ಹೈದರಾಬಾದ್ ಕರ್ನಾಟಕಕ್ಕೆ (೨೦೧೯ರಿಂದ ಕಲ್ಯಾಣ ಕರ್ನಾಟಕ) ಬೇರೆ ನಿಯಮ. ಯಾವ ಜಿಲ್ಲೆಗಳಿಗೆ, ಯಾಕೆ, ಎಷ್ಟು ಸೀಟು, ಎಷ್ಟು ನೌಕರಿ, ಎಲ್ಲ ಆದೇಶದಲ್ಲಿ ಅಚ್ಚಾಗಿದೆ. ನಿನಗೆ ಅನ್ವಯಿಸುತ್ತೋ ಇಲ್ಲವೋ ಅನ್ನೋದಕ್ಕೆ ಕೈಯಲ್ಲಿ ಹಿಡಿಯೋ ಒಂದು ಪ್ರಮಾಣಪತ್ರ ಇದೆ. ಅದನ್ನು ಮಾಡಿಸೋಕೆ ಓಡಾಡಿದ್ದು ಬೇರೆ ಪುರಾಣ ಬಿಡಿ :-) ಬೇಡ ಅನ್ನೋರು ಅದನ್ನು ನೋಡಿಯೇ ಬೇಡ ಅನ್ನಬಹುದು, ಕೋರ್ಟಿಗೂ ಹೋಗಬಹುದು. ನನ್ನ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದೇ ಅದರಿಂದ. ಹಾಗಾಗಿ ಓವರ್‌ರೈಡ್ ಅಂದ ಕೂಡಲೇ ಮೂಗು ಮುರಿಯೋರ ಪಕ್ಷ ನಾನು ಸೇರೋಕೆ ಸಾಧ್ಯವೇ ಇಲ್ಲ.

ಆಫೀಸಿನಲ್ಲಿ ಏನಾಯ್ತು ಅಂತ ಕೇಳಬಹುದು. ನಾನೇ ಹಾಕಿದ ನಿಯಮ ಅಂತ ಮೀಟಿಂಗಿನಲ್ಲಿ ಒಪ್ಪಿಕೊಂಡೆ. ಆಮೇಲೆ ಮೂರು ಬದಲಾವಣೆ ಕೇಳಿದೆ. ಕೊನೆ ದಿನಾಂಕ ಇಲ್ಲದೆ ಯಾವ ಓವರ್‌ರೈಡೂ ಸೇವ್ ಆಗಬಾರದು. ಇದಕ್ಕೆ ಎಲ್ಲರೂ ಒಪ್ಪಿದರು, ಈಗ ನಡೀತಿದೆ. ಮಾತಾಡದ ಅಂಗಡಿಗಳನ್ನು ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ತೋರಿಸಬೇಕು. ಅದೂ ಆಯ್ತು. ಮೊದಲ ದಿನ ಎಷ್ಟು ಕೆಂಪು ಬಂತು ಅಂತ ಹೇಳಿದರೆ ಕೆಲಸ ಹೋಗುತ್ತೆ.

ಮೂರನೆಯದು, ಅಂಗಡಿಯ ಪರದೆಯಲ್ಲಿ "ನೀವು ಹಾಕಿದ್ದು ೫ ನಿಮಿಷ, ಈಗ ನಡೆಯುತ್ತಿರುವುದು ೬ ಗಂಟೆ, ಕಾರಣ ಸರ್ವರ್ ಬದಲಾವಣೆ, ಇಂಥ ದಿನದವರೆಗೆ" ಅಂತ ತೋರಿಸೋದು. ಇದು ಇನ್ನೂ ಆಗಿಲ್ಲ. "ಎಲ್ಲ ತೋರಿಸಿದರೆ ಸಪೋರ್ಟಿಗೆ ಫೋನುಗಳು ಜಾಸ್ತಿ ಆಗುತ್ತವೆ" ಅನ್ನೋದು ಆಕ್ಷೇಪ. ಆಗುತ್ತವೆ, ಸುಳ್ಳಲ್ಲ. ಇಲ್ಲಿ ಯಾಕೆ ಆರು ಗಂಟೆ ಮಾಡಿದ್ರಿ ಅಂತ ಕೇಳೋ ಫೋನುಗಳು. ಆ ಫೋನು ೨೦೨೪ರ ನವೆಂಬರಿನಲ್ಲೇ ಬಂದಿದ್ದರೆ ನನ್ನ ಮರೆವು ಒಂದು ವಾರಕ್ಕೇ ಸಿಕ್ಕಿಬೀಳ್ತಿತ್ತು. ಆಯಮ್ಮ ಶಹಾಪುರಕ್ಕೆ ಸುಮ್ಮನೆ ಹೋಗಿ ಬರ್ತಿರಲಿಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಮ್ಯಾನೇಜರ್ "ಲೆಟ್ಸ್ ಪ್ರಯಾರಿಟೈಸ್" ಅಂದರು. ಕನ್ನಡಕ್ಕೆ ಅನುವಾದಿಸಿದರೆ "ನೋಡೋಣ" :-)

ಸುರಪುರದ ಅಂಗಡಿಯವರು ಹೋಸ್ಟ್ಸ್ ಫೈಲಿನ ಆ ಸಾಲನ್ನು ಇನ್ನೂ ಪೂರ್ತಿ ಅಳಿಸಿಲ್ಲ. ಮುಂದೆ ಒಂದು ಹ್ಯಾಷ್ ಗುರುತು ಹಾಕಿ ನಿಷ್ಕ್ರಿಯ ಮಾಡಿಸಿದ್ದಾರೆ ಅಷ್ಟೇ, ಬೇಕಾದರೆ ತೆಗೆಯೋಕೆ ಸುಲಭ ಆಗೋ ಹಾಗೆ. "ಇರಲಿ ಬಿಡ್ರಿ ಸರ, ಎಲ್ಲರ ಬೇಕಾಗ್ತದ" ಅಂದರು. ಅಳಿಸಿ ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ.

ಹೋದ ವಾರ ಮಾಮಾ ಫೋನ್ ಮಾಡಿದ್ದ. ಬೇರೇನೋ ಮಾತು, ಅವನ ಮಗಳ ಕಾಲೇಜಿನ ವಿಷಯ. ಫೋನ್ ಇಡೋ ಮುಂಚೆ ಕೇಳಿದ:

"ನಿಮ್ಮ ಊರಾಗ ನೀರ್ ಬಂದಾವೇನು?"

ನಾನು ಬೆಂಗಳೂರಿನಲ್ಲಿದ್ದೀನಿ ಮಾಮಾ ಅಂದೆ.

"ಹೌದಲ್ಲಾ, ಮರ್ತೇ ಹೋಗಿತ್ತು. ಅಪ್ಪಗ ಕೇಳಿ ಹೇಳು" ಅಂದ. ಕೇಳಿದೆ. ಬಂದಿದ್ದವು. ಎಷ್ಟು ದಿನಕ್ಕೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ.